ಕಿಡ್ನಿಯಲ್ಲಿ ಸುಣ್ಣ ಕಟ್ಟಿದೆಯೋ, ಕಲ್ಲಾಗಿದೆಯೋ: ಯಾವುದಕ್ಕೆ ಏನು ಮಾಡಬೇಕು?

ಏಪ್ರಿಲ್, ಮೇ ಬಂತು ಅಂದರೆ ಚಿಂತಾಮಣಿಯ ನಮ್ಮ ಮೆಡಿಕಲ್ ಶಾಪಿಗೆ ಸೊಂಟ ಹಿಡಿದುಕೊಂಡು ಬರುವವರು ಜಾಸ್ತಿ. ಕೈಯಲ್ಲಿ ಸ್ಕ್ಯಾನ್ ರಿಪೋರ್ಟ್ ಇರುತ್ತದೆ. "ಅಣ್ಣಾ, ಕಲ್ಲು ಕರಗೋ ಸಿರಪ್ ಕೊಡಿ" ಅನ್ನುತ್ತಾರೆ. ರಿಪೋರ್ಟ್ ಬಿಡಿಸಿ ನೋಡಿದರೆ ಒಬ್ಬರಿಗೆ ಕಿಡ್ನಿಯಲ್ಲಿ 4 ಮಿಲಿಮೀಟರ್ ಕಲ್ಲು ಸುಮ್ನೆ ಕೂತಿದೆ, ಇನ್ನೊಬ್ಬರಿಗೆ ಕಲ್ಲು ಮೂತ್ರನಾಳಕ್ಕೆ ಇಳಿದು ಕಿಡ್ನಿ ಊದಿಕೊಂಡಿದೆ, ಮೂರನೆಯವರಿಗೆ ಕಲ್ಲೇ ಇಲ್ಲ, ಕಿಡ್ನಿಯ ಮಾಂಸದೊಳಗೇ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಟ್ಟಿಕೊಂಡಿದೆ ಅಂತ ಬರೆದಿದೆ. ಮೂವರೂ ಕೇಳುವುದು ಅದೇ ಸಿರಪ್. ಮೂವರಿಗೂ ಅದನ್ನೇ ಕೊಟ್ಟು ಕಳಿಸಿದರೆ ನನಗೆ ವ್ಯಾಪಾರ, ಅವರಿಗೆ ಸಮಯ ನಷ್ಟ.

ನಾನು ಡಾಕ್ಟರ್ ಅಲ್ಲ, ಔಷಧಿ ಕೊಡುವವನು. ಆದರೆ ಕೌಂಟರಿನಲ್ಲಿ ನಿಂತು ಹೇಳಿ ಮುಗಿಸಲು ಆಗದಷ್ಟು ವಿಷಯ ಇದರಲ್ಲಿದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಎರಡೇ. ಸುಣ್ಣ ಕೂತಿರುವುದು ಎಲ್ಲಿ? ಮೂತ್ರದ ದಾರಿಗೆ ಅಡ್ಡ ಬಂದಿದೆಯಾ? ಎಷ್ಟು ಮಿಲಿಮೀಟರ್ ಅನ್ನುವುದು ಆಮೇಲಿನ ಮಾತು. ನಮ್ಮಲ್ಲಿ ಎಲ್ಲರೂ ಮೊದಲು ಹಿಡಿದುಕೊಳ್ಳುವುದೇ ಆ ಮಿಲಿಮೀಟರನ್ನು.

ಎರಡಕ್ಕೂ ಇರುವ ವ್ಯತ್ಯಾಸ

ಮನೆಯ ಗೋಡೆಯ ಗಾರೆಯಲ್ಲೂ ಸುಣ್ಣ ಇರುತ್ತದೆ, ಮೋರಿಯಲ್ಲಿ ಸಿಕ್ಕಿಕೊಂಡ ಕಲ್ಲಿನಲ್ಲೂ ಸುಣ್ಣ ಇರಬಹುದು. ನೀರು ಕಟ್ಟುವುದು ಎರಡನೆಯದರಿಂದ. ಕಿಡ್ನಿ ಕಲ್ಲು ಅಂದರೆ ಕಿಡ್ನಿಯೊಳಗೆ ಮೂತ್ರ ಶೇಖರವಾಗುವ ಜಾಗದಲ್ಲಿ ಬೆಳೆದ ಹರಳು. ಅದು ಜಾಗ ಬಿಟ್ಟು ಕದಲುತ್ತದೆ, ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಸಣ್ಣ ನಾಳಕ್ಕೆ ಇಳಿಯುತ್ತದೆ, ಅಲ್ಲಿ ಸಿಕ್ಕಿಕೊಂಡರೆ ಪಕ್ಕೆಯಿಂದ ತೊಡೆಸಂದಿಯವರೆಗೆ ಜೀವ ಹೋಗುವಂಥ ನೋವು. ಕ್ಯಾಲ್ಸಿಫಿಕೇಶನ್ ಅಂದರೆ ಕಿಡ್ನಿಯ ಮಾಂಸದ ಒಳಗೇ ಸುಣ್ಣ ಸೇರಿಕೊಂಡಿರುವುದು. ಎರಡೂ ಕಿಡ್ನಿಯಲ್ಲಿ ಅಲ್ಲಲ್ಲಿ ಹರಡಿಕೊಂಡಿದ್ದರೆ ರಿಪೋರ್ಟಿನಲ್ಲಿ ನೆಫ್ರೋಕ್ಯಾಲ್ಸಿನೋಸಿಸ್ ಅಂತ ಬರೆಯುತ್ತಾರೆ. ಅದು ಕದಲುವುದಿಲ್ಲ, ಸಾಮಾನ್ಯವಾಗಿ ನೋಯುವುದೂ ಇಲ್ಲ. ಬಹಳ ಜನಕ್ಕೆ ಹೊಟ್ಟೆ ನೋವಿಗೋ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗುವುದು.

ಎರಡಕ್ಕೂ ನಂಟೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಅಲೆಕ್ಸಾಂಡರ್ ರಾಂಡಲ್ ಅನ್ನುವ ಮೂತ್ರರೋಗ ವೈದ್ಯರು 1937ರಲ್ಲೇ ಕಿಡ್ನಿಯ ಒಳತುದಿಗಳಲ್ಲಿ ಸುಣ್ಣದ ಮಚ್ಚೆಗಳನ್ನು ತೋರಿಸಿದ್ದರು. ಅಂಥ ಮಚ್ಚೆಗಳ ಮೇಲೆ ಅನೇಕ ಸಲ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು (ಕ್ಯಾಲ್ಸಿಯಂ ಜೊತೆ ಸೊಪ್ಪಿನಂಥ ಆಹಾರದಲ್ಲಿರುವ ಆಕ್ಸಲೇಟ್ ಸೇರಿ ಆಗುವಂಥದ್ದು) ಅಂಟಿಕೊಂಡು ಬೆಳೆಯುತ್ತದೆ. ಹಾಗಾಗಿ ಒಬ್ಬರಿಗೇ ಎರಡೂ ಇರಬಹುದು. ಕ್ಯಾಲ್ಸಿಫಿಕೇಶನ್ ಇರುವವರಿಗೆ ಇದ್ದಕ್ಕಿದ್ದ ಹಾಗೆ ನೋವು ಶುರುವಾದರೆ, ಅದರ ಜೊತೆಗೆ ಕಲ್ಲೂ ಇದ್ದು ಕೆಳಗೆ ಇಳಿದಿದೆಯಾ ಅಂತ ನೋಡಿಸಲೇಬೇಕು.

ಯಾವ ಸ್ಕ್ಯಾನ್?

ನಮ್ಮ ಕಡೆ ಮೊದಲು ಮಾಡುವುದು ಅಲ್ಟ್ರಾಸೌಂಡ್. ಖರ್ಚು ಕಡಿಮೆ, ವಿಕಿರಣ ಇಲ್ಲ, ಬಸುರಿಯರಿಗೂ ಮಾಡಬಹುದು. ಕಿಡ್ನಿ ಊದಿದೆಯಾ ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ನಾಳದ ನಡುಭಾಗದಲ್ಲಿರುವ ಕಲ್ಲು ಅದಕ್ಕೆ ಅನೇಕ ಸಲ ಸಿಗುವುದಿಲ್ಲ, ಮತ್ತು 5 ಮಿಲಿಮೀಟರಿಗಿಂತ ಸಣ್ಣದನ್ನು ಅಳೆಯುವಾಗ ನಿಜಕ್ಕಿಂತ ದೊಡ್ಡದಾಗಿ ತೋರಿಸಿಬಿಡುತ್ತದೆ. 'ಎಕೋಜೆನಿಕ್ ಫೋಕಸ್', 'ಕಾಂಕ್ರೀಷನ್' ಅಂತ ಬರೆದು 2, 3 ಮಿಲಿಮೀಟರ್ ಹಾಕಿದ್ದರೆ ಅದು ಬಿಳಿಯಾಗಿ ಹೊಳೆದ ಒಂದು ಚುಕ್ಕಿ ಅಷ್ಟೇ. ಸಣ್ಣ ಕಲ್ಲಿರಬಹುದು, ರಕ್ತನಾಳದ ಗೋಡೆಯ ಸುಣ್ಣ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇಂಥ ರಿಪೋರ್ಟ್ ಹಿಡಿದು ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ನೋಡಿದ್ದೇನೆ. ಬೇಕಾಗಿಲ್ಲ.

ಗೊಂದಲ ಬಗೆಹರಿಸುವುದು ಸಿಟಿ ಸ್ಕ್ಯಾನ್. ಅದರಲ್ಲೂ ಬಣ್ಣದ ಇಂಜೆಕ್ಷನ್ ಕೊಡದೆ ಮಾಡುವ ಪ್ಲೇನ್ ಸಿಟಿ ಕೆಯುಬಿ, ಅಂದರೆ ಕಿಡ್ನಿ, ನಾಳ, ಮೂತ್ರಕೋಶ ಮೂರನ್ನೂ ನೋಡುವ ಸ್ಕ್ಯಾನ್. ಕಲ್ಲು ಎಲ್ಲಿದೆ, ಎಷ್ಟಿದೆ, ಮಾಂಸದೊಳಗಿದೆಯಾ ದಾರಿಯಲ್ಲಿದೆಯಾ, ಎಷ್ಟು ಗಟ್ಟಿ, ಎಲ್ಲ ಬರುತ್ತದೆ. ಗಟ್ಟಿತನಕ್ಕೆ ಎಚ್‌ಯು ಅಂತ ಒಂದು ಅಂಕಿ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಇದರಲ್ಲಿ ವಿಕಿರಣ ಇರುವುದರಿಂದ ಮೂರು ತಿಂಗಳಿಗೊಂದು ಸಿಟಿ ಬೇಡ, ಬಸುರಿಯರಿಗಂತೂ ಬೇಡವೇ ಬೇಡ. ಎಕ್ಸ್‌ರೇ ಅಗ್ಗ, ಆದರೆ ಯೂರಿಕ್ ಆಸಿಡ್ ಕಲ್ಲು ಅದರಲ್ಲಿ ಕಾಣುವುದಿಲ್ಲ. ಆಗಲೇ ಗೊತ್ತಿರುವ ಕಲ್ಲು ಎಲ್ಲಿಗೆ ಇಳಿಯಿತು ಅಂತ ನೋಡುವುದಕ್ಕೆ ಸರಿ.

ನನ್ನ ಪ್ರಕಾರ ನೋವಿಲ್ಲದೆ ಸುಮ್ನೆ ಕಂಡ ಚುಕ್ಕಿಗೆ ಅಲ್ಟ್ರಾಸೌಂಡ್ ಸಾಕು, ಆರು ತಿಂಗಳೋ ವರ್ಷವೋ ಬಿಟ್ಟು ಇನ್ನೊಮ್ಮೆ ನೋಡಿಸಿ. ನೋವಿದ್ದರೆ, ಕಿಡ್ನಿ ಊದಿದ್ದರೆ, ಅಥವಾ ಕಲ್ಲು ತೆಗೆಸುವ ಮಾತು ಬಂದಿದ್ದರೆ ಸಿಟಿ ಮಾಡಿಸದೆ ಮುಂದಕ್ಕೆ ಹೋಗಬೇಡಿ.

ಮಾಂಸದೊಳಗೆ ಸುಣ್ಣ ಕಟ್ಟಿದ್ದರೆ

ಇದನ್ನು ಪುಡಿ ಮಾಡುವ ಮಾತೇ ಇಲ್ಲ. ಲೇಸರ್‌ಗೂ ಸಿಗುವುದಿಲ್ಲ, ಹೊರಗಿನಿಂದ ಅಲೆ ಬಿಟ್ಟು ಕಲ್ಲು ಒಡೆಯುವ ಶಾಕ್ ವೇವ್‌ಗೂ ಅಲ್ಲಿ ಕೆಲಸವಿಲ್ಲ. ಕರಗಿಸುತ್ತೇವೆ ಅಂತ ಯಾರಾದರೂ ಪೊಟ್ಟಣ ಕೊಟ್ಟರೆ ದುಡ್ಡು ಜೇಬಿನಲ್ಲೇ ಇರಲಿ. ಒಮ್ಮೆ ಕೂತ ಸುಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ, ಇನ್ನಷ್ಟು ಕೂರದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ಅದಕ್ಕೆ ಕಾರಣ ಹುಡುಕಬೇಕು, ಆ ಕಾರಣ ಬಹಳ ಸಲ ಕಿಡ್ನಿಯ ಹೊರಗೇ ಇರುತ್ತದೆ.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಅನ್ನುವ ಪುಟ್ಟ ಗ್ರಂಥಿಗಳಿವೆ. ಅವು ಅತಿಯಾಗಿ ಕೆಲಸ ಮಾಡಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಬಂದು ಕಿಡ್ನಿಯಲ್ಲಿ ಕೂರುತ್ತದೆ. ಕೆಲವರಿಗೆ ಕಿಡ್ನಿ ಆಸಿಡ್ ಹೊರಹಾಕಲಾರದ ತೊಂದರೆ ಇರುತ್ತದೆ, ಅದಕ್ಕೆ ರೀನಲ್ ಟ್ಯುಬುಲರ್ ಅಸಿಡೋಸಿಸ್ ಅನ್ನುತ್ತಾರೆ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇರುತ್ತದೆ, ಕೈಕಾಲು ಸೋಲುತ್ತವೆ, ಪೊಟ್ಯಾಸಿಯಂ ಸಿಟ್ರೇಟ್ ಅವರಿಗೆ ನಿಜವಾದ ಔಷಧಿ. ಹುಟ್ಟಿನಿಂದಲೇ ಕಿಡ್ನಿಯ ಒಳರಚನೆ ಸ್ಪಂಜಿನಂತೆ ಇರುವವರೂ ಇದ್ದಾರೆ. ಹಿಂದೆ ಎಂದೋ ಕಿಡ್ನಿಗೆ ಟಿಬಿ ತಗುಲಿ ವಾಸಿಯಾದ ಜಾಗದಲ್ಲೂ ಸುಣ್ಣ ಉಳಿಯುತ್ತದೆ. ಒಂದೇ ಕಿಡ್ನಿಯ ಒಂದೇ ಭಾಗದಲ್ಲಿ ಸುಣ್ಣ ಇದ್ದರೆ ಅದು ನೀರ್ಗುಳ್ಳೆಯ ಗೋಡೆಯದೋ, ಗಡ್ಡೆಯದೋ ಅಂತ ಡಾಕ್ಟರ್ ಇನ್ನೊಮ್ಮೆ ನೋಡಬೇಕಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಕಂಡರೆ ತಡ ಮಾಡದೆ ಮಕ್ಕಳ ಕಿಡ್ನಿ ತಜ್ಞರ ಹತ್ತಿರ ಹೋಗಿ, ವಂಶದಿಂದ ಬರುವ ಕಾರಣಗಳಿರುತ್ತವೆ.

ಇನ್ನೊಂದು ಕಾರಣ ನಮ್ಮ ಕೌಂಟರ್ ಮೇಲಿಂದಲೇ ಹೋಗುವಂಥದ್ದು: ವಿಟಮಿನ್ ಡಿ. 60,000 ಯೂನಿಟ್‌ನ ಪೊಟ್ಟಣವನ್ನೋ ಮಾತ್ರೆಯನ್ನೋ ವಾರಕ್ಕೊಂದರಂತೆ ಕೆಲವು ವಾರ ತಗೊಳ್ಳಿ ಅಂತ ಡಾಕ್ಟರ್ ಬರೆದಿರುತ್ತಾರೆ. ಮಂಡಿ ನೋವು ಕಡಿಮೆಯಾಯಿತು ಅಂತ ಅದನ್ನು ದಿನಾ ನುಂಗುವವರಿದ್ದಾರೆ, ಚೀಟಿ ಹಳೆಯದಾದರೂ ವರ್ಷಗಟ್ಟಲೆ ಮುಂದುವರಿಸುವವರಿದ್ದಾರೆ, ಅದು ಸಾಲದು ಅಂತ 6 ಲಕ್ಷ ಯೂನಿಟ್ ಇಂಜೆಕ್ಷನ್ ಮೇಲಿಂದ ಮೇಲೆ ಚುಚ್ಚಿಸಿಕೊಳ್ಳುವವರೂ ಇದ್ದಾರೆ. ಜಾಸ್ತಿಯಾದ ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಅದು ಕಿಡ್ನಿಯಲ್ಲಿ ಕೂರುತ್ತದೆ. ಬಾಯಾರಿಕೆ, ಮಲಬದ್ಧತೆ, ವಾಕರಿಕೆ, ಪದೇ ಪದೇ ಮೂತ್ರ ಬರುತ್ತಿದ್ದರೆ ಪೊಟ್ಟಣ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ.

ಹಾಗಾದರೆ ಯಾವ ಪರೀಕ್ಷೆ? ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಕ್ರಿಯೇಟಿನಿನ್ (ಕಿಡ್ನಿ ಸೋತರೆ ಇದು ಏರುತ್ತದೆ), ಪೊಟ್ಯಾಸಿಯಂ, ಬೈಕಾರ್ಬೊನೇಟ್, ವಿಟಮಿನ್ ಡಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್). ಇದರ ಜೊತೆ ಮೂತ್ರ ಪರೀಕ್ಷೆ, ಡಾಕ್ಟರ್ ಹೇಳಿದರೆ 24 ಗಂಟೆಯ ಮೂತ್ರ ಹಿಡಿದು ಕೊಡುವುದು. ಇದಕ್ಕೆ ನೆಫ್ರಾಲಜಿಸ್ಟ್ ಬೇಕು, ಯುರಾಲಜಿಸ್ಟ್ ಅಲ್ಲ. ಯುರಾಲಜಿಸ್ಟ್ ಆಪರೇಷನ್ ಮಾಡುವವರು, ನೆಫ್ರಾಲಜಿಸ್ಟ್ ಕಿಡ್ನಿಯ ಕೆಲಸ ನೋಡುವವರು. ನಮ್ಮವರು ಬೆಂಗಳೂರಿಗೆ ಬಸ್ ಹತ್ತಿ, ತಪ್ಪು ಓಪಿಡಿ ಸಾಲಿನಲ್ಲಿ ನಿಂತು, ಸಂಜೆ ವಾಪಸ್ ಬರುವುದು ಈ ಒಂದು ವಿಷಯ ಗೊತ್ತಿಲ್ಲದೆ.

ಕಲ್ಲೇ ಆಗಿದ್ದರೆ

ಮೊದಲು ತುರ್ತಿನ ಮಾತು. ಪಕ್ಕೆ ನೋವಿನ ಜೊತೆ ಚಳಿ ಜ್ವರ ಬಂದರೆ, ಮೂತ್ರವೇ ಬರದಿದ್ದರೆ, ಇರುವುದು ಒಂದೇ ಕಿಡ್ನಿಯಾಗಿದ್ದರೆ, ಬಸುರಿಯಾಗಿದ್ದರೆ, ಏನು ಕುಡಿದರೂ ವಾಂತಿಯಾಗುತ್ತಿದ್ದರೆ ಈ ಲೇಖನ ಬಿಟ್ಟು ಆಸ್ಪತ್ರೆಗೆ ಹೊರಡಿ. ಅಡ್ಡ ಸಿಕ್ಕಿಕೊಂಡ ಕಲ್ಲಿನ ಹಿಂದೆ ಕೀವು ತುಂಬಿದರೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಆಗ ಮೊದಲು ಟ್ಯೂಬ್ ಹಾಕಿ ಮೂತ್ರಕ್ಕೆ ದಾರಿ ಮಾಡುತ್ತಾರೆ, ಕಲ್ಲು ತೆಗೆಯುವುದು ಆಮೇಲೆ.

ಅಂಥದ್ದೇನೂ ಇಲ್ಲ ಅಂದರೆ ಆಯ್ಕೆಗಳಿವೆ.

ಕಿಡ್ನಿಯೊಳಗೆ 5 ಮಿಲಿಮೀಟರ್ ಒಳಗಿನ ಕಲ್ಲು, ನೋವಿಲ್ಲ, ಸೋಂಕಿಲ್ಲ: ಬಿಟ್ಟುಬಿಡಿ. ನೀರು ಕುಡಿಯಿರಿ, ವರ್ಷಕ್ಕೊಮ್ಮೆ ನೋಡಿಸಿ.

ನಾಳಕ್ಕೆ ಇಳಿದ ಕಲ್ಲು 5 ಮಿಲಿಮೀಟರಿನವರೆಗೆ ಇದ್ದರೆ ನೂರರಲ್ಲಿ 68 ಮಂದಿಗೆ ತಾನಾಗಿ ಹೋಗುತ್ತದೆ, 5ರಿಂದ 10 ಇದ್ದರೆ 47 ಮಂದಿಗೆ. ಇದು ಅಮೆರಿಕ ಮತ್ತು ಯುರೋಪಿನ ಮೂತ್ರರೋಗ ತಜ್ಞರ ಸಂಘಗಳು 2007ರಲ್ಲಿ ಕೊಟ್ಟ ಲೆಕ್ಕ. ಅಂದರೆ 8 ಮಿಲಿಮೀಟರ್ ಕಲ್ಲಿಗೂ ಕಾದು ನೋಡುವುದರಲ್ಲಿ ಅರ್ಥವಿದೆ. ನಾಳದ ಕೆಳಭಾಗದ ಕಲ್ಲಿಗೆ ಟ್ಯಾಮ್ಸುಲೋಸಿನ್ ಬರೆಯುತ್ತಾರೆ, ನಾಳ ಸಡಿಲವಾಗುತ್ತದೆ. ರಾತ್ರಿ ತಗೊಳ್ಳಿ, ಎದ್ದ ತಕ್ಷಣ ತಲೆ ಸುತ್ತಬಹುದು. ನೋವಿಗೆ ಡೈಕ್ಲೋಫೆನಾಕ್ ಥರದ್ದು ಚೆನ್ನಾಗಿ ಕೇಳುತ್ತದೆ, ಆದರೆ ಕ್ರಿಯೇಟಿನಿನ್ ಏರಿದವರಿಗೆ ಅದೇ ವಿಷ, ಆದ್ದರಿಂದ ಚೀಟಿ ಇಲ್ಲದೆ ಕೇಳಬೇಡಿ, ನಾನು ಕೊಡುವುದೂ ಇಲ್ಲ.

ಕಾಯುವುದಕ್ಕೂ ಮಿತಿ ಇದೆ, ನಾಲ್ಕರಿಂದ ಆರು ವಾರ. ನಮ್ಮವರು ತಪ್ಪುವುದು ಇಲ್ಲೇ. ನೋವು ನಿಂತಿತು, ಕಲ್ಲು ಹೋಯಿತು ಅಂದುಕೊಂಡು ಮತ್ತೆ ಸ್ಕ್ಯಾನ್ ಮಾಡಿಸುವುದಿಲ್ಲ. ಕಲ್ಲು ಅಲ್ಲೇ ಇದ್ದುಕೊಂಡು ನೋವು ಮಾತ್ರ ನಿಲ್ಲಬಹುದು. ಅಡ್ಡ ಹಾಗೇ ಉಳಿದರೆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ನೋವು ನಿಂತ ಮೇಲಿನ ಸ್ಕ್ಯಾನ್ ಮೊದಲಿನದಕ್ಕಿಂತ ಮುಖ್ಯ.

ಇನ್ನು ತೆಗೆಸುವುದು. ಶಾಕ್ ವೇವ್ ಚಿಕಿತ್ಸೆ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾಯಿತು, ಅದರ ಯಂತ್ರ ಮಾಡಿದ್ದು ವಿಮಾನ ತಯಾರಿಸುತ್ತಿದ್ದ ಡಾರ್ನಿಯರ್ ಕಂಪನಿ. ಗಾಯವಿಲ್ಲ, ಹೊರಗಿನಿಂದಲೇ ಅಲೆಗಳನ್ನು ಬಿಟ್ಟು ಕಲ್ಲು ಒಡೆಯುತ್ತಾರೆ, ಅದೇ ದಿನ ಮನೆಗೆ. ಕೇಳುವುದಕ್ಕೆ ಎಲ್ಲಕ್ಕಿಂತ ಚೆನ್ನಾಗಿದೆ ಅಲ್ವಾ? ಆದರೆ ಒಡೆದ ಚೂರುಗಳು ನಿಮ್ಮ ನಾಳದಿಂದಲೇ ಇಳಿಯಬೇಕು, ಅದಕ್ಕೆ ಮತ್ತೆ ನೋವು, ಒಂದು ಸಲಕ್ಕೆ ಮುಗಿಯುತ್ತದೆ ಅಂತಲೂ ಇಲ್ಲ. ಬರೆದಿಟ್ಟುಕೊಂಡ ಎಚ್‌ಯು ಅಂಕಿ 1000ಕ್ಕಿಂತ ಜಾಸ್ತಿ ಇದ್ದರೆ ಕಲ್ಲು ಗಟ್ಟಿ, ಸುಲಭಕ್ಕೆ ಒಡೆಯುವುದಿಲ್ಲ. ಕಿಡ್ನಿಯ ಕೆಳಮೂಲೆಯ ಕಲ್ಲಿನ ಚೂರುಗಳು ಅಲ್ಲೇ ಉಳಿದುಬಿಡುತ್ತವೆ. ಬಸುರಿಯರಿಗೆ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಲಾಗದವರಿಗೆ ಇದು ಆಗುವುದಿಲ್ಲ.

ಎರಡನೆಯದು ಮೂತ್ರದ ದಾರಿಯಿಂದಲೇ ದುರ್ಬೀನು ಕಳಿಸಿ ಲೇಸರ್‌ನಿಂದ ಪುಡಿ ಮಾಡುವುದು. ನಾಳದ ಕಲ್ಲಿಗೆ ಯುಆರ್‌ಎಸ್, ಬಾಗುವ ದುರ್ಬೀನಿನಿಂದ ಕಿಡ್ನಿಯೊಳಗೇ ಹೋದರೆ ಆರ್‌ಐಆರ್‌ಎಸ್. ಹೊರಗೆ ಕೊಯ್ತ ಇಲ್ಲ, ಅರಿವಳಿಕೆ ಬೇಕು, ಹೆಚ್ಚಿನವರಿಗೆ ಒಂದೇ ಸಲಕ್ಕೆ ಕೆಲಸ ಆಗುತ್ತದೆ. ಮೂರನೆಯದು ಪಿಸಿಎನ್‌ಎಲ್, ಬೆನ್ನಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ತೂತು ಮಾಡಿ ಕಲ್ಲು ಒಡೆದು ಹೊರಗೆಳೆಯುವುದು. 2 ಸೆಂಟಿಮೀಟರ್ ದಾಟಿದ ಕಲ್ಲಿಗೆ ಇದೇ ಸರಿ. ರಕ್ತ ಹೋಗುವ ಅಪಾಯ ಬೇರೆಯವಕ್ಕಿಂತ ಜಾಸ್ತಿ, ಆಸ್ಪತ್ರೆಯಲ್ಲಿ ಕೆಲವು ದಿನ ಇರಬೇಕು, ಆದರೆ ದೊಡ್ಡ ಕಲ್ಲು ಪೂರ್ತಿ ಹೋಗುತ್ತದೆ. ಹೊಟ್ಟೆ ಕೊಯ್ದು ಮಾಡುವ ಹಳೆಯ ಆಪರೇಷನ್ ಈಗ ಅಪರೂಪ.

ಪುಸ್ತಕದ ಲೆಕ್ಕದಲ್ಲಿ 1 ಸೆಂಟಿಮೀಟರ್ ಕಿಡ್ನಿ ಕಲ್ಲಿಗೆ ಶಾಕ್ ವೇವ್ ಆದರೂ ಸರಿ, ಆರ್‌ಐಆರ್‌ಎಸ್ ಆದರೂ ಸರಿ. ಆದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟ್ ಹೊರುವವರು, ದಿನಗೂಲಿಯವರು, ಲಾರಿ ಡ್ರೈವರ್‌ಗಳು ಇವರಿಗೆಲ್ಲ ಪ್ರತಿ ಸಲ ಬೆಂಗಳೂರಿಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿಯೂ. ಅಂಥವರಿಗೆ ಒಂದೇ ಸಲಕ್ಕೆ ಮುಗಿಯುವ ಲೇಸರ್ ವಾಸಿ ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಓಡಾಡುವವರಿದ್ದಾರೆ, ಕಲ್ಲು ಮೃದು, ಅರಿವಳಿಕೆ ಅಂದರೆ ಭಯ ಅನ್ನುವವರು ಶಾಕ್ ವೇವ್ ಬಗ್ಗೆ ಕೇಳಿ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಮೊದಲು ನಿಮ್ಮ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ, ರೆಫರಲ್ ಚೀಟಿ ಮತ್ತು ಯಾವ ಚಿಕಿತ್ಸೆ ಒಳಗೆ ಬರುತ್ತದೆ ಅನ್ನುವುದನ್ನು ಅಲ್ಲಿನ ಆರೋಗ್ಯಮಿತ್ರರ (ಈ ಯೋಜನೆಯ ಸಹಾಯಕ ಸಿಬ್ಬಂದಿ) ಹತ್ತಿರ ಕೇಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ರಾಜ್ಯ ಸರ್ಕಾರದ್ದೇ, ಕಿಡ್ನಿ ಮತ್ತು ಮೂತ್ರದ ಕಾಯಿಲೆಗಳಿಗೇ ಮೀಸಲು.

ಯಾವ ವಿಧಾನವಾದರೂ ಒಳಗೆ ಡಿಜೆ ಸ್ಟೆಂಟ್ ಅನ್ನುವ ಪುಟ್ಟ ಟ್ಯೂಬ್ ಬಿಟ್ಟಿದ್ದಾರಾ ಅಂತ ಕೇಳಿ. ಬಿಟ್ಟಿದ್ದರೆ ಉರಿ, ಪದೇ ಪದೇ ಮೂತ್ರ, ಸ್ವಲ್ಪ ರಕ್ತ ಇರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಅದನ್ನು ಮರೆಯುವುದಕ್ಕೆ. ತೆಗೆಸದೆ ತಿಂಗಳುಗಟ್ಟಲೆ ಬಿಟ್ಟರೆ ಸ್ಟೆಂಟ್ ಮೇಲೇ ಕಲ್ಲು ಬೆಳೆದು, ಒಂದು ಆಪರೇಷನ್ ಹೋಗಿ ಮೂರಾಗುತ್ತದೆ. ತೆಗೆಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ.

ಬಾಳೆದಿಂಡು, ಹುರುಳಿ, ಮುದ್ದೆ, ನೀರು

ಸಿರಪ್ ವಿಷಯ ಮುಗಿಸಿಬಿಡೋಣ. ಮೂತ್ರದ ಆಸಿಡ್ ಕಡಿಮೆ ಮಾಡುವ ಸಿಟ್ರೇಟ್ ಸಿರಪ್‌ಗಳು ಯೂರಿಕ್ ಆಸಿಡ್ ಕಲ್ಲನ್ನು ನಿಜವಾಗಿ ಕರಗಿಸಬಲ್ಲವು, ಡಾಕ್ಟರ್ ಹೇಳಿದಷ್ಟು ದಿನ, ಮೂತ್ರದ ಪಿಎಚ್ (ಆಸಿಡ್ ಅಳತೆ) ನೋಡಿಕೊಂಡು ಕುಡಿದರೆ. ಆದರೆ ನೂರರಲ್ಲಿ ಸುಮಾರು 80 ಕಲ್ಲು ಕ್ಯಾಲ್ಸಿಯಂನದು, ಅದರಲ್ಲೂ ಹೆಚ್ಚಿನವು ಆಕ್ಸಲೇಟ್. ಅವು ಯಾವ ಸಿರಪ್ಪಿಗೂ ಕರಗುವುದಿಲ್ಲ. ಸಿಟ್ರೇಟ್ ಹೊಸ ಕಲ್ಲು ಬೆಳೆಯದ ಹಾಗೆ ತಡೆಯಬಹುದು ಅಷ್ಟೇ.

ಬಾಳೆದಿಂಡಿನ ರಸಕ್ಕೂ ಹುರುಳಿ ಕಟ್ಟಿಗೂ ಇದೇ ಮಾತು. ಕಲ್ಲು ಕರಗಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಕುಡಿದಷ್ಟು ನೀರು ಒಳಗೆ ಹೋಗುತ್ತದೆ, ಅದು ಲಾಭ. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಹಾಗಾಗಿ ಕಿಡ್ನಿ ಆಗಲೇ ಸೋತವರು ಮುಟ್ಟಬೇಡಿ. ಹುರುಳಿ ಸಾರು ರುಚಿಗೆ ಮಾಡಿ, ಮುದ್ದೆಗೆ ಅದಕ್ಕಿಂತ ಬೇರೆ ಬೇಕಾ! ಬಿಯರ್ ಬೇಡ. ಆಗ ಮೂತ್ರ ಜಾಸ್ತಿ ಬರುತ್ತದೆ, ಆಮೇಲೆ ಮೈ ಒಣಗುತ್ತದೆ, ಯೂರಿಕ್ ಆಸಿಡ್ ಏರುತ್ತದೆ. ಇದನ್ನು ಔಷಧಿ ಅಂತ ಮನೆಯವರಿಗೆ ಒಪ್ಪಿಸಿದ ಗಂಡಸರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ.

ರಾಗಿ ಬಿಡಿ ಅಂತ ಹೇಳುವವರು ಊರು ತುಂಬ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಕಲ್ಲು ಕ್ಯಾಲ್ಸಿಯಂನದು, ಆದ್ದರಿಂದ ಕ್ಯಾಲ್ಸಿಯಂ ಬಿಡಬೇಕು ಅನ್ನುವುದು ಸರಿಯಾಗಿಯೇ ಕೇಳಿಸುತ್ತದೆ. ಇಟಲಿಯಲ್ಲಿ ಇದನ್ನು ಐದು ವರ್ಷ ಪರೀಕ್ಷೆ ಮಾಡಿ 2002ರಲ್ಲಿ ಫಲಿತಾಂಶ ಕೊಟ್ಟರು. ಕ್ಯಾಲ್ಸಿಯಂ ಕಡಿಮೆ ಮಾಡಿದವರಲ್ಲಿ ಶೇ. 38 ಮಂದಿಗೆ ಕಲ್ಲು ಮರಳಿತು, ಕ್ಯಾಲ್ಸಿಯಂ ಎಂದಿನಷ್ಟೇ ತಿಂದು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಲ್ಲಿ ಶೇ. 20 ಮಂದಿಗೆ. ಊಟದಲ್ಲಿರುವ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸಿಬಿಡುತ್ತದೆ, ಕಿಡ್ನಿಗೆ ಬರುವುದು ಕಡಿಮೆಯಾಗುತ್ತದೆ. ಆದ್ದರಿಂದ ಮುದ್ದೆ ತಿನ್ನಿ, ಊಟದ ಜೊತೆಗೇ ಮಜ್ಜಿಗೆಯೋ ಮೊಸರೋ ಇರಲಿ. ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಅದನ್ನೂ ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ. ರಕ್ತದಲ್ಲೇ ಕ್ಯಾಲ್ಸಿಯಂ ಏರಿರುವವರದು, ಮಾಂಸದೊಳಗೆ ಸುಣ್ಣ ಕಟ್ಟಿದವರದು ಬೇರೆ ಲೆಕ್ಕ, ಅವರು ಡಾಕ್ಟರ್ ಹೇಳಿದ್ದನ್ನು ಕೇಳಬೇಕು.

ಟೊಮೆಟೊ ಬೀಜದಿಂದ ಕಲ್ಲಾಗುತ್ತದೆ ಅನ್ನುವುದು ಸುಳ್ಳು, ಅದರಲ್ಲಿ ಆಕ್ಸಲೇಟ್ ಕಡಿಮೆಯೇ. ಕೋಲಾರ ಜಿಲ್ಲೆಯೇ ಟೊಮೆಟೊ ಬೆಳೆದು ಬದುಕುವಾಗ ಈ ಮಾತು ಇಲ್ಲೇ ಹೆಚ್ಚಾಗಿ ಓಡಾಡುವುದು ವಿಚಿತ್ರ. ಹುಷಾರಾಗಿರಬೇಕಾದ್ದು ಪಾಲಕ್, ದಂಟಿನ ಸೊಪ್ಪು, ಗೋಣಿ ಸೊಪ್ಪು, ಬೀಟ್‌ರೂಟ್, ಕಡಲೇಕಾಯಿ ಬೀಜ ಇವುಗಳ ವಿಷಯದಲ್ಲಿ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಸಾಕಷ್ಟು ಹೋಗುತ್ತದೆ. ಆದರೆ ನಾವು ಮಾಡುವುದು ಬಸ್ಸಾರು, ಬಸಿದ ನೀರಿನಲ್ಲೇ ಸಾರು! ಮತ್ತೆ ಮತ್ತೆ ಕಲ್ಲಾಗುವವರು ಬಸ್ಸಾರಿಗೆ ದಂಟಿನ ಬದಲು ಮೆಂತ್ಯದ ಸೊಪ್ಪು ಹಾಕಿಕೊಳ್ಳಲಿ. ಉಪ್ಪು ಇದೆಲ್ಲಕ್ಕಿಂತ ದೊಡ್ಡ ತಪ್ಪಿತಸ್ಥ, ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ, ವಾರಕ್ಕೆರಡು ಬಾಡೂಟ ಇವನ್ನು ಕಡಿಮೆ ಮಾಡದೆ ಬರೀ ಸೊಪ್ಪು ಬಿಟ್ಟರೆ ಪ್ರಯೋಜನ ಕಡಿಮೆ.

ಕೊನೆಗೆ ನೀರು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ಮೀರುತ್ತದೆ. ಫ್ಲೋರೈಡ್ ಹಲ್ಲು ಮೂಳೆ ಹಾಳು ಮಾಡುವುದು ಖಚಿತ, ಅದಕ್ಕಾಗಿ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿ. ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಅನ್ನುವುದಕ್ಕೆ ಮಾತ್ರ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ನೀರು ಸರಿಯಿಲ್ಲ ಅಂತ ಕಡಿಮೆ ಕುಡಿಯುವುದು ಅದಕ್ಕಿಂತ ಕೆಟ್ಟದ್ದು. ಅದೇ ಇಟಲಿಯಲ್ಲಿ ನಡೆದ, 1996ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ 2 ಲೀಟರಿಗಿಂತ ಜಾಸ್ತಿ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಐದು ವರ್ಷದಲ್ಲಿ ಶೇ. 12 ಮಂದಿಗೆ ಕಲ್ಲು ಮರಳಿತು, ಉಳಿದವರಲ್ಲಿ ಶೇ. 27 ಮಂದಿಗೆ. ಲೆಕ್ಕ ಮೂತ್ರದ್ದು, ಕುಡಿದದ್ದರದ್ದಲ್ಲ ಅನ್ನುವುದನ್ನು ಗಮನಿಸಿ. ಬಿಸಿನೀರಿನ ಹಬೆಯ ಮುಂದೆ ರೇಷ್ಮೆ ತೆಗೆಯುವವರಿಗೆ ಮೂರು ಲೀಟರ್ ಬೆವರಿಗೇ ಸಾಲದು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಟಾಯ್ಲೆಟ್ಟಿಗೆ ಬಿಡುವುದಿಲ್ಲ ಅಂತ ನೀರೇ ಕುಡಿಯುವುದಿಲ್ಲ, ಅವರಿಗೆ ಜಾಸ್ತಿ ಕುಡಿಯಿರಿ ಅಂತ ಸಲಹೆ ಕೊಟ್ಟರೆ ಏನು ಬಂತು, ಅದನ್ನು ಸೂಪರ್‌ವೈಸರ್‌ಗೆ ಹೇಳಬೇಕು. ಮೂತ್ರ ತಿಳಿ ಬಣ್ಣದಲ್ಲಿದ್ದರೆ ಸಾಕು. ಸಕ್ಕರೆ ಕಡಿಮೆ ಹಾಕಿದ ನಿಂಬೆ ಪಾನಕವೂ ಒಳ್ಳೆಯದು, ಅದರಲ್ಲಿ ಸಿಟ್ರೇಟ್ ಇದೆ.

ಕಲ್ಲು ಹೊರಗೆ ಬಂತು ಅಂದರೆ ಅದನ್ನು ಎಸೆಯಬೇಡಿ. ನಾಳದಲ್ಲಿ ಕಲ್ಲಿರುವಷ್ಟು ದಿನ ಹಳೆಯ ಚಹಾ ಸೋಸುವ ಜಾಲರಿ ಒಂದನ್ನು ಅದಕ್ಕೇ ಇಟ್ಟುಕೊಂಡು ಮೂತ್ರ ಸೋಸಿ. ಸಿಕ್ಕ ಹರಳನ್ನು ತೊಳೆದು, ಒಣಗಿಸಿ, ಸಣ್ಣ ಡಬ್ಬಿಯಲ್ಲಿ ಡಾಕ್ಟರಿಗೆ ಕೊಡಿ, ಸ್ಟೋನ್ ಅನಾಲಿಸಿಸ್‌ಗೆ ಕಳಿಸಿ ಅಂತ ಕೇಳಿ. ಯೂರಿಕ್ ಆಸಿಡ್ ಅಂತ ಬಂದರೆ ಸಿರಪ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆಕ್ಸಲೇಟ್ ಆದರೆ ಉಪ್ಪು ಸೊಪ್ಪಿನ ಲೆಕ್ಕ. ಸೋಂಕಿನಿಂದ ಆದ ಸ್ಟ್ರುವೈಟ್ ಆದರೆ ಒಂದು ಚೂರೂ ಉಳಿಯದ ಹಾಗೆ ತೆಗೆಸಬೇಕು. ಕ್ಯಾಲ್ಸಿಯಂ ಫಾಸ್ಫೇಟ್ ಜಾಸ್ತಿ ಇದೆ ಅಂತ ಬಂದರೆ, ಮೇಲೆ ಹೇಳಿದ ಪಿಟಿಎಚ್ ಮತ್ತು ಬೈಕಾರ್ಬೊನೇಟ್ ಪರೀಕ್ಷೆಗಳನ್ನು ಕಲ್ಲಿನವರೂ ಮಾಡಿಸಿ.